ನೋಟ್‌ಬುಕ್ಕಿನಿಂದ ಸಿಆರ್‌ಎಂಗೆ: ಸಣ್ಣ ಅಂಗಡಿಯವರು ಗಿರಾಕಿಗಳ ಸಾಫ್ಟ್‌ವೇರ್ ಆರಿಸಿಕೊಳ್ಳುವ ಬಗೆ

ಸಿಆರ್‌ಎಂ ಎಂದರೆ ಗಿರಾಕಿಗಳ ವಿವರ, ಮಾತುಕತೆ, ಮುಂದಿನ ದಿನಾಂಕ ಇಟ್ಟುಕೊಳ್ಳುವ ಸಾಫ್ಟ್‌ವೇರ್. ಅದನ್ನು ಮಾರುವವರು ಡೆಮೊ ತೋರಿಸುವುದು ಮಾಲೀಕರಿಗೆ, ದೊಡ್ಡ ಪರದೆಯ ಮೇಲೆ, ಬಣ್ಣಬಣ್ಣದ ಚಾರ್ಟುಗಳ ಸಮೇತ. ಅದರೊಳಗೆ ದಿನಾ ಮಾಹಿತಿ ತುಂಬಬೇಕಾದವನು ಮಾತ್ರ ಬೈಕ್ ಪಕ್ಕಕ್ಕೆ ಹಾಕಿ, ಒಂದು ಕೈಯಲ್ಲಿ ಟೂಲ್ ಬ್ಯಾಗ್ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಮೊಬೈಲ್ ಒತ್ತುವ ಟೆಕ್ನಿಷಿಯನ್. ಅವನು ತುಂಬದಿದ್ದರೆ ಚಾರ್ಟು ಖಾಲಿ. ಆದ್ದರಿಂದ ಯಾವ ಸಾಫ್ಟ್‌ವೇರ್ ನೋಡಿದರೂ ಮೊದಲು ಕೇಳಬೇಕಾದ್ದು ಇದು: ಬಿಸಿಲಲ್ಲಿ ನಿಂತವನು ಅರ್ಧ ನಿಮಿಷದಲ್ಲಿ ಒಂದು ಎಂಟ್ರಿ ಮುಗಿಸುತ್ತಾನೆಯೇ?

ಉದಾಹರಣೆಗೆ ದಾವಣಗೆರೆಯಂಥ ಊರಿನ ಒಂದು ಆರ್‌ಓ ವಾಟರ್ ಪ್ಯೂರಿಫೈಯರ್ ಅಂಗಡಿ ಇಟ್ಟುಕೊಳ್ಳೋಣ. ಮಾಲೀಕರು, ಕೌಂಟರಿನಲ್ಲಿ ಒಬ್ಬರು, ಮೂವರು ಟೆಕ್ನಿಷಿಯನ್‌ಗಳು, ಸುಮಾರು 1,200 ಹಳೆಯ ಗಿರಾಕಿಗಳು. ಬೋರ್‌ವೆಲ್ಲಿನ ಗಡಸು ನೀರಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹೀಗಾಗಿ ಲಾಭದ ದೊಡ್ಡ ಪಾಲು ಹೊಸ ಮಷಿನ್ ಮಾರುವುದರಲ್ಲಲ್ಲ, ಸರ್ವಿಸ್ ಮತ್ತು ಎಎಂಸಿಯಲ್ಲಿ (ವರ್ಷದ ನಿರ್ವಹಣೆಯ ಒಪ್ಪಂದ). ಸೋಲಾರ್ ವಾಟರ್ ಹೀಟರ್, ಯುಪಿಎಸ್ ಬ್ಯಾಟರಿ, ಏಸಿ ಸರ್ವಿಸ್ ನಡೆಸುವವರಿಗೂ ಇಲ್ಲಿ ಹೇಳುವುದರಲ್ಲಿ ಬಹುಪಾಲು ಹಾಗೇ ಹೊಂದುತ್ತದೆ.

ಒಂದು ವಾರ ಎಣಿಸಿ ನೋಡಿ

ಸಾಫ್ಟ್‌ವೇರ್ ಹುಡುಕುವ ಮೊದಲು ಕೌಂಟರಿನಲ್ಲಿ ಒಂದು ಹಾಳೆ ಇಡಿ. ಸೋಮವಾರದಿಂದ ಶನಿವಾರದವರೆಗೆ ಬಂದ ಪ್ರತಿ ಎನ್‌ಕ್ವೈರಿಗೂ ಒಂದು ಗೆರೆ: ಎಲ್ಲಿಂದ ಬಂತು (ಫೋನ್, ವಾಟ್ಸ್ಆ್ಯಪ್, ಅಂಗಡಿಗೇ ಬಂದವರು, ಇಂಡಿಯಾಮಾರ್ಟ್, ಜಸ್ಟ್‌ಡಯಲ್, ಫೇಸ್‌ಬುಕ್ ಜಾಹೀರಾತು), ಯಾರು ಮಾತಾಡಿದರು, ಮುಂದೇನಾಯಿತು. ಶನಿವಾರ ಸಂಜೆ ಕೂತು ನೋಡಿ. ವಾಪಸ್ ಕರೆ ಮಾಡದೆ ಬಿಟ್ಟದ್ದು ಎಷ್ಟು, ರೇಟು ಹೇಳಿ ಮರೆತದ್ದು ಎಷ್ಟು, ಸರ್ವಿಸ್ ದಿನ ದಾಟಿದ್ದರೂ ಯಾರೂ ಫೋನ್ ಮಾಡದ ಹಳೆಯ ಗಿರಾಕಿಗಳು ಎಷ್ಟು? ಈ ಮೂರರಲ್ಲಿ ಯಾವುದು ದೊಡ್ಡದೋ ನಿಮಗೆ ಬೇಕಾದ ಸಾಫ್ಟ್‌ವೇರ್ ಅದನ್ನು ಮುಚ್ಚುವಂಥದ್ದು. ಉಳಿದದ್ದೆಲ್ಲ ಅಲಂಕಾರ.

ದಿನಕ್ಕೆ ನಾಲ್ಕೈದು ಎನ್‌ಕ್ವೈರಿ, ಎಲ್ಲವನ್ನೂ ನೋಡುವವರು ಒಬ್ಬರೇ ಎಂದಾದರೆ ಗೂಗಲ್ ಶೀಟ್ ಸಾಕು. ಮೊಬೈಲ್ ನಂಬರ್, ಹೆಸರು, ಬಡಾವಣೆ, ಮಷಿನ್, ಕಳೆದ ಸರ್ವಿಸ್, ಮುಂದಿನ ದಿನಾಂಕ, ಹಂತ ಎಂಬ ಏಳು ಕಾಲಂ, ಹಂತಕ್ಕೆ ಡ್ರಾಪ್‌ಡೌನ್, ದಿನಾಂಕ ದಾಟಿದ ಸಾಲು ಕೆಂಪಾಗುವಂತೆ ಬಣ್ಣದ ನಿಯಮ. ಇದರ ಜೊತೆ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ನ ಲೇಬಲ್‌ಗಳಿದ್ದರೆ ಸಣ್ಣ ವ್ಯಾಪಾರ ವರ್ಷಗಟ್ಟಲೆ ನಡೆಯುತ್ತದೆ.

ಶೀಟ್ ಕೈಕೊಡುವುದು ಎರಡನೆಯವರು ಕೈ ಹಾಕಿದಾಗ. ಯಾರೋ ಹೆಸರಿನ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸುತ್ತಾರೆ. ಹೆಸರುಗಳು ಸರಿದಾಡುತ್ತವೆ, ಪಕ್ಕದ ನಂಬರುಗಳು ಇದ್ದಲ್ಲೇ ಇರುತ್ತವೆ. ಒಬ್ಬರ ಹೆಸರು, ಇನ್ನೊಬ್ಬರ ನಂಬರು. ಗೊತ್ತಾಗುವುದು ವಾರ ಕಳೆದ ಮೇಲೆ, ಅಷ್ಟರಲ್ಲಿ ಅದೇ ಶೀಟಿಗೆ ನೂರು ಹೊಸ ಎಂಟ್ರಿ ಸೇರಿರುತ್ತದೆ. ಒಬ್ಬರಿಗಿಂತ ಹೆಚ್ಚು ಜನ ಬರೆಯುವ ಹೊತ್ತು ಬಂದರೆ ಸಿಆರ್‌ಎಂ ಕಡೆ ನೋಡಿ.

ಮಾರಾಟದ ಸಿಆರ್‌ಎಂ, ಸರ್ವಿಸ್‌ನ ಅಂಗಡಿ

ಇಲ್ಲೇ ಹೆಚ್ಚಿನವರು ತಪ್ಪುವುದು. ಮಾರುಕಟ್ಟೆಯಲ್ಲಿರುವ ಬಹುತೇಕ ಸಿಆರ್‌ಎಂಗಳು ಮಾರಾಟದ ಸುತ್ತ ಕಟ್ಟಿದವು. ಲೀಡ್ (ಕೊಳ್ಳಬಹುದಾದವರ ಎನ್‌ಕ್ವೈರಿ) ಬಂತು, ಮಾತಾಯಿತು, ರೇಟು ಕೊಟ್ಟಾಯಿತು, ಡೀಲ್ ಮುಗಿಯಿತು. ಆಮೇಲೆ ಪರದೆಯ ಮೇಲಿನ ಆ ಡೀಲಿನ ಕಾರ್ಡು 'ಗೆದ್ದದ್ದು' ಎಂಬ ಪಟ್ಟಿಯಲ್ಲಿ ಹೋಗಿ ಮಲಗುತ್ತದೆ. ಆರ್‌ಓ ಅಂಗಡಿಗೆ ಕೆಲಸ ಶುರುವಾಗುವುದೇ ಅಲ್ಲಿಂದ: ಕೆಲವು ತಿಂಗಳಿಗೊಮ್ಮೆ ಸೆಡಿಮೆಂಟ್ ಫಿಲ್ಟರ್, ಆಮೇಲೆ ಕಾರ್ಬನ್, ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ನೋಡಿಕೊಂಡು ಮೆಂಬ್ರೇನ್, ವರ್ಷಕ್ಕೊಮ್ಮೆ ಎಎಂಸಿ ನವೀಕರಣ.

ಡೆಮೊ ಕೊಡುವವರಿಗೆ ಈ ಒಂದು ಲೆಕ್ಕ ಕೊಡಿ. ಒಬ್ಬ ಗಿರಾಕಿ, ಒಂದೇ ಮೊಬೈಲ್ ನಂಬರ್. ಮನೆಯಲ್ಲೊಂದು ಮಷಿನ್, ಅವರ ಬೇಕರಿಯಲ್ಲೊಂದು ಮಷಿನ್. ಎರಡಕ್ಕೂ ಬೇರೆ ವಿಳಾಸ, ಬೇರೆ ಸರ್ವಿಸ್ ದಿನ, ಬೇರೆ ಎಎಂಸಿ. ಮನೆಗೆ ಹೋದರೆ ಬಾಗಿಲು ತೆಗೆಯುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ಬಿಲ್ಲು ಬೇಕಾದದ್ದು ಬೇಕರಿಯ ಹೆಸರಿಗೆ. 'ಇದನ್ನು ನಿಮ್ಮಲ್ಲಿ ಹೇಗೆ ಹಾಕುತ್ತೀರಿ, ಈಗಲೇ ಹಾಕಿ ತೋರಿಸಿ' ಎನ್ನಿ. ಒಂದೇ ಗಿರಾಕಿಯನ್ನು ಎರಡು ಸಲ ನಮೂದಿಸಿ ತೋರಿಸಿದರೆ ಆ ಸಾಫ್ಟ್‌ವೇರ್ ನಿಮ್ಮದಲ್ಲ. 'ಮಷಿನ್' ಎಂಬ ಬೇರೆ ಪಟ್ಟಿ ಮಾಡಿ ಗಿರಾಕಿಗೆ ಜೋಡಿಸಿ ತೋರಿಸಿದರೆ ಮುಂದಿನ ಮಾತಾಡಬಹುದು. ಹೀಗೆ ಸ್ವಂತ ಪಟ್ಟಿ ಮಾಡುವ ಸೌಲಭ್ಯ ಉಚಿತ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯಾವ ಪ್ಲಾನಿನಿಂದ ಸಿಗುತ್ತದೆ ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.

ಖರ್ಚು ಬೇಡ ಎನ್ನುವವರಿಗೆ ಒಂದು ಅಡ್ಡದಾರಿ ಇದೆ. ಮಾರಾಟಕ್ಕೆ ಒಂದು ಪೈಪ್‌ಲೈನ್ (ಕಾರ್ಡುಗಳು ಹಂತಹಂತವಾಗಿ ಸಾಗುವ ಸಾಲು), ಸರ್ವಿಸ್‌ಗೆ ಇನ್ನೊಂದು ಪೈಪ್‌ಲೈನ್ ಇಟ್ಟುಕೊಳ್ಳುವುದು. ಮುಂದಿನ ಸರ್ವಿಸ್ ಪ್ರತಿಯೊಂದೂ ಒಂದು ಕಾರ್ಡು, ಅದರ ಶೀರ್ಷಿಕೆ 'ಬೇಕರಿ – ಫಿಲ್ಟರ್', ಅದಕ್ಕೊಂದು ದಿನಾಂಕ. ಕೆಲಸ ಮುಗಿದಾಗ ಟೆಕ್ನಿಷಿಯನ್ ಆ ಕಾರ್ಡು ಮುಚ್ಚಿ ಮುಂದಿನ ಸರ್ವಿಸ್‌ದನ್ನು ತೆರೆಯಬೇಕು. ಇಲ್ಲಿನ ಅಪಾಯ ಗೊತ್ತಿರಲಿ: ತೆರೆಯಲು ಒಂದು ಸಲ ಮರೆತರೆ ಆ ಗಿರಾಕಿ ಪೂರ್ತಿ ಕಾಣೆ, ಯಾವ ರಿಮೈಂಡರೂ ಬರುವುದಿಲ್ಲ. ಅದಕ್ಕೇ ತಿಂಗಳ ಕೊನೆಗೆ 'ತೆರೆದ ಕಾರ್ಡು ಒಂದೂ ಇಲ್ಲದ ಗಿರಾಕಿಗಳು' ಎಂಬ ಪಟ್ಟಿ ತೆಗೆಯಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಯಾವುದನ್ನು ನೋಡಬಹುದು

ಮೂರು ಬಗೆ ಇವೆ. ಮೊದಲನೆಯದು ಸಾಮಾನ್ಯ ಸಿಆರ್‌ಎಂಗಳು. ಚೆನ್ನೈ ಮೂಲದ ಜೋಹೊದಲ್ಲಿ ಮೂವರು ಯೂಸರ್‌ಗಳವರೆಗೆ ಉಚಿತ ಆವೃತ್ತಿ ಇದೆ. ಅದೇ ಕಂಪನಿಯ ಬಿಗಿನ್ ಸಣ್ಣ ವ್ಯಾಪಾರಕ್ಕೆಂದೇ ಮಾಡಿದ್ದು, ಪರದೆ ಹಗುರ, ಬೇಗ ಕೈಗೆ ಹತ್ತುತ್ತದೆ. ಫ್ರೆಶ್‌ವರ್ಕ್ಸ್‌ನ ಫ್ರೆಶ್‌ಸೇಲ್ಸ್, ಅಮೆರಿಕದ ಹಬ್‌ಸ್ಪಾಟ್ ಇದೇ ಸಾಲಿನವು. ಎರಡನೆಯದು ಫೋನ್ ಕರೆಗಳನ್ನೇ ಹಿಡಿದುಕೊಂಡು ಕೆಲಸ ಮಾಡುವ ಟೆಲಿಕಾಲಿಂಗ್ ಸಿಆರ್‌ಎಂಗಳು. ದಿನಕ್ಕೆ ನೂರಾರು ಕರೆ ಮಾಡುವ ಕಡೆಗೆ ಇವು ಸರಿ, ಆರ್‌ಓ ಅಂಗಡಿಗೆ ಅತಿಯಾಯಿತು. ಮೂರನೆಯದು ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟವು: ಒಡೂ, ವಿಟೈಗರ್, ಫ್ರಾಪೆಯವರ ಇಆರ್‌ಪಿನೆಕ್ಸ್ಟ್. ಲೈಸೆನ್ಸ್ ಉಚಿತ ಎಂದು ಇವನ್ನು ಸ್ವಂತ ಸರ್ವರಿನಲ್ಲಿ ಹಾಕಿಸಿಕೊಳ್ಳಲು ಹೋಗಬೇಡಿ, ಬ್ಯಾಕಪ್ ಮತ್ತು ಅಪ್‌ಡೇಟ್ ನೋಡಿಕೊಳ್ಳುವ ಒಬ್ಬರು ಕೈಯಳತೆಯಲ್ಲಿ ಇಲ್ಲದಿದ್ದರೆ. ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ತಿಂಗಳೇ ಸರ್ವರ್ ನಿಲ್ಲುತ್ತದೆ.

ಎರಡನ್ನು ಆರಿಸಿ, ಎರಡನ್ನೇ ಪರೀಕ್ಷಿಸಿ. ಐದಾರು ನೋಡಿದವರು ಕೊನೆಗೆ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ.

ಟ್ರಯಲ್ ದಿನಗಳಲ್ಲಿ ಮಾಡಬೇಕಾದ ಪರೀಕ್ಷೆ

ಟ್ರಯಲ್ ಸಾಮಾನ್ಯವಾಗಿ ಎರಡು ವಾರ. ಹಬ್ಬದ ವಾರದಲ್ಲಿ ಶುರು ಮಾಡಬೇಡಿ. ನಾಲ್ಕು ದಿನ ಹಾಗೇ ಹೋಗುತ್ತದೆ. ಡೇಟಾ ಸಿದ್ಧ ಮಾಡಿಟ್ಟುಕೊಂಡ ಮೇಲೆಯೇ ಸೈನ್‌ಅಪ್ ಮಾಡಿ. ಪರೀಕ್ಷೆ ಮಾಲೀಕರ ಲ್ಯಾಪ್‌ಟಾಪಿನಲ್ಲಿ ಅಲ್ಲ, ಟೆಕ್ನಿಷಿಯನ್‌ನ ಮೊಬೈಲ್‌ನಲ್ಲಿ, ಅಂಗಡಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ.

1. ಹೊಸ ಗಿರಾಕಿ, ಒಂದು ಟಿಪ್ಪಣಿ, ಮುಂದಿನ ದಿನಾಂಕ. ಗಡಿಯಾರ ಇಟ್ಟು ನೋಡಿ. ಒಂದು ನಿಮಿಷ ದಾಟಿದರೆ 'ಸಂಜೆ ಅಂಗಡೀಲಿ ಹಾಕ್ತೀನಿ ಅಣ್ಣ' ಎನ್ನುತ್ತಾನೆ, ಸಂಜೆಗೆ ಮೂರು ಮರೆತಿರುತ್ತದೆ.
2. ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿ ಹಾಕಿ ಹುಡುಕಿ. ಕೆಲವು ಸಾಫ್ಟ್‌ವೇರ್‌ಗಳು ಮೊದಲಿನಿಂದ ಹೊಂದಿದರೆ ಮಾತ್ರ ತೋರಿಸುತ್ತವೆ. ನಂಬರಿನ ಮುಂದೆ 91 ಇದ್ದರೆ ಒಂದು ಫಲಿತಾಂಶ, ಇಲ್ಲದಿದ್ದರೆ ಇನ್ನೊಂದು.
3. ನೆಟ್‌ವರ್ಕ್ ತೆಗೆದು ಒಂದು ಎಂಟ್ರಿ ಹಾಕಿ, ಮತ್ತೆ ನೆಟ್‌ವರ್ಕ್ ಹಚ್ಚಿ. ಎಂಟ್ರಿ ಉಳಿಯಿತೇ? ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲೂ ಊರಾಚೆಯ ಲೇಔಟಿನಲ್ಲೂ ಈ ಪ್ರಶ್ನೆ ದಿನಾ ಬರುತ್ತದೆ.
4. 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಸ್ಟೋರ್ಸ್' ಎಂದು ಕನ್ನಡದಲ್ಲಿ ಬರೆದು ಕೊಟೇಶನ್‌ನ ಪಿಡಿಎಫ್ ತೆಗೆಯಿರಿ. ಪರದೆಯಲ್ಲಿ ಸರಿಯಿದ್ದು ಪಿಡಿಎಫ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗುವುದು ಮಾಮೂಲು.
5. ನಾಳೆ ಬೆಳಗ್ಗೆ 9ಕ್ಕೆ ರಿಮೈಂಡರ್ ಇಟ್ಟು, ಆ್ಯಪ್ ಮುಚ್ಚಿ ಮಲಗಿ. ಎಷ್ಟೋ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ರಿಮೈಂಡರ್ ಬಾರದಿದ್ದರೆ ಸಾಫ್ಟ್‌ವೇರ್ ಬೈಯುವ ಮೊದಲು ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ನ ನಿರ್ಬಂಧ ತೆಗೆದು ಮತ್ತೊಮ್ಮೆ ನೋಡಿ.
6. ಎಲ್ಲ ಡೇಟಾವನ್ನೂ ಎಕ್ಸ್‌ಪೋರ್ಟ್ ಮಾಡಿ, ಫೈಲ್ ತೆರೆದು ನೋಡಿ. ಹೆಸರು–ನಂಬರ್ ಮಾತ್ರ ಬಂದು ಟಿಪ್ಪಣಿ, ಫೋಟೊ, ಸರ್ವಿಸ್ ಚರಿತ್ರೆ ಬರದಿದ್ದರೆ, ಬಿಟ್ಟು ಹೋಗುವ ದಿನ ಕೈಗೆ ಸಿಗುವುದು ಬರೀ ಫೋನ್ ಬುಕ್.

ಕರೆಗಳು ತಾವಾಗಿ ದಾಖಲಾಗುತ್ತವೆ ಎಂದು ಮಾರುವವರು ಹೇಳಿದರೆ ಯಾವ ಫೋನಿನಲ್ಲಿ ಎಂದು ಕೇಳಿ. ಐಫೋನ್ ತನ್ನ ಕರೆಪಟ್ಟಿಯನ್ನು ಹೊರಗಿನ ಆ್ಯಪ್‌ಗಳಿಗೆ ಓದಲು ಬಿಡುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಕರೆಪಟ್ಟಿ ಸಿಗಬಹುದು, ರೆಕಾರ್ಡಿಂಗ್ ಕಷ್ಟ: ಅದಕ್ಕೆ ಬಳಸುತ್ತಿದ್ದ ಅಡ್ಡದಾರಿಯನ್ನು ಪ್ಲೇ ಸ್ಟೋರ್ 2022ರ ಮೇ ತಿಂಗಳಿನಿಂದ ಮುಚ್ಚಿದೆ.

ಹಳೆಯ ಡೇಟಾ: ಅರ್ಧ ಕೆಲಸ ಇಲ್ಲೇ

1,200 ಗಿರಾಕಿಗಳ ಪಟ್ಟಿ ಒಂದೆಡೆ ಇರುವುದಿಲ್ಲ. ಸ್ವಲ್ಪ ಟ್ಯಾಲಿಯಲ್ಲಿ, ಸ್ವಲ್ಪ ಬಿಲ್ ಬುಕ್ಕಿನಲ್ಲಿ, ಮಿಕ್ಕಿದ್ದು ಮಾಲೀಕರ ಫೋನಿನಲ್ಲಿ 'ಮಂಜಣ್ಣ ಫಿಲ್ಟರ್ ವಿದ್ಯಾನಗರ' ಎಂಬಂತೆ. ಒಂದೇ ಎಕ್ಸೆಲ್ ಹಾಳೆಗೆ ತನ್ನಿ. ಹೆಸರಿನ ಮೇಲೆ ಡುಪ್ಲಿಕೇಟ್ ಹುಡುಕಬೇಡಿ. ಇಂಗ್ಲಿಷಿನಲ್ಲಿ ಬರೆದ 'ಲಕ್ಷ್ಮೀ'ಗೆ ನಾಲ್ಕು ಸ್ಪೆಲ್ಲಿಂಗ್ ಇರುತ್ತದೆ, ಮಂಜುನಾಥನ ಕೊನೆಯ ಅಕ್ಷರ ಕೆಲವೆಡೆ ಇರುತ್ತದೆ, ಕೆಲವೆಡೆ ಇಲ್ಲ. ಮೊಬೈಲ್ ನಂಬರೇ ಗುರುತು. ಹತ್ತು ಅಂಕಿ, ಮುಂದೆ ಸೊನ್ನೆಯಿಲ್ಲ, ನಡುವೆ ಜಾಗವಿಲ್ಲ.

ನಂಬರ್ ಅಂಟಿಸುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಎಂದು ಬದಲಿಸಿ. 91 ಸೇರಿಸಿ 12 ಅಂಕಿಯಾದರೆ ಎಕ್ಸೆಲ್ ಅದನ್ನು 9.1 ಎಂದು ಶುರುವಾಗುವ ವೈಜ್ಞಾನಿಕ ಸಂಖ್ಯೆ ಮಾಡಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿಯಾಗಿ (ಇಂಪೋರ್ಟ್‌ಗೆ ಬಳಸುವ ಸರಳ ಪಟ್ಟಿಯ ಫೈಲ್) ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದಂತೆಯೇ. ಲ್ಯಾಂಡ್‌ಲೈನ್‌ನ ಎಸ್‌ಟಿಡಿ ಕೋಡಿನ ಮೊದಲ ಸೊನ್ನೆಯೂ ಹೀಗೆಯೇ ಬಿದ್ದುಹೋಗುತ್ತದೆ. ದಿನಾಂಕದಲ್ಲಿ ಇನ್ನೊಂದು ಬಲೆ. ನೀವು 05/06 ಎಂದು ಬರೆದದ್ದು ಜೂನ್ 5, ಅಮೆರಿಕದ ಕ್ರಮಕ್ಕೆ ಹೊಂದಿಸಿದ ಸಾಫ್ಟ್‌ವೇರಿಗೆ ಅದು ಮೇ 6. 12ರ ನಂತರದ ದಿನಗಳಿಗೆ ಎರರ್ ಬರುತ್ತದೆ, 12ರವರೆಗಿನವು ಸದ್ದಿಲ್ಲದೆ ತಪ್ಪಾಗಿ ಒಳಗೆ ಹೋಗುತ್ತವೆ. 2025-06-05 ಎಂಬಂತೆ ವರ್ಷ ಮೊದಲು ಬರೆದರೆ ಈ ಗೊಂದಲವೇ ಇಲ್ಲ.

ಕನ್ನಡದಲ್ಲಿರುವ ಹಳೆಯ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ; ಇಲ್ಲದಿದ್ದರೆ ಸಿಆರ್‌ಎಂನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸಿ, ಬರೀ ಸಿಎಸ್‌ವಿ ಅಲ್ಲ. ಹೆಸರು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎಂದು ಎಲ್ಲರೂ ಕೂತು ಒಮ್ಮೆ ತೀರ್ಮಾನಿಸಿ. ಒಂದರಲ್ಲಿ ಹಾಕಿದ್ದನ್ನು ಇನ್ನೊಂದರಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮೊದಲು ಹತ್ತು ಸಾಲು ಮಾತ್ರ ಇಂಪೋರ್ಟ್ ಮಾಡಿ ಒಂದೊಂದನ್ನೂ ತೆರೆದು ನೋಡಿ. ಆಮೇಲೆ ನೂರು, ಆಮೇಲೆ ಉಳಿದದ್ದು. ಐದು ವರ್ಷದಿಂದ ಸುಳಿವಿಲ್ಲದ ಗಿರಾಕಿಗಳನ್ನು ಬೇರೆ ಫೈಲಿನಲ್ಲಿಡಿ.

ಮೆಸೇಜಿನ ಲೆಕ್ಕ

'ಆಟೊಮ್ಯಾಟಿಕ್ ಎಸ್‌ಎಂಎಸ್, ವಾಟ್ಸ್ಆ್ಯಪ್ ಎಲ್ಲ ಇದೆ' ಎಂಬ ಮಾತಿನ ಹಿಂದೆ ಬೇರೆ ಖರ್ಚು, ಬೇರೆ ನೋಂದಣಿ ಇದೆ. ಭಾರತದಲ್ಲಿ ವ್ಯಾಪಾರದ ಎಸ್‌ಎಂಎಸ್ ಕಳಿಸಲು ನಿಮ್ಮ ಸಂಸ್ಥೆ ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲಿನಲ್ಲಿ ನೋಂದಾಯಿಸಿ, ಕಳಿಸುವವರ ಹೆಸರು ಮತ್ತು ಪ್ರತಿ ಮೆಸೇಜಿನ ನಮೂನೆಗೆ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯ ನಮೂನೆಗೂ ಕಳಿಸಿದ್ದಕ್ಕೂ ತಾಳೆಯಾಗದಿದ್ದರೆ ಮೆಸೇಜ್ ತಡೆಯಲ್ಪಡುತ್ತದೆ.

ಕನ್ನಡದ ಎಸ್‌ಎಂಎಸ್‌ಗೆ ಇನ್ನೊಂದು ಲೆಕ್ಕವಿದೆ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಿ 70. ಆ 70 ಕೂಡ ನಾವು ಎಣಿಸುವ ಅಕ್ಷರವಲ್ಲ: 'ಲಕ್ಷ್ಮೀ' ಕಣ್ಣಿಗೆ ಎರಡಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಏಳು. ಎರಡು ಸಾಲಿನ ಸರ್ವಿಸ್ ಸೂಚನೆ ಸಲೀಸಾಗಿ ಮೂರು ಮೆಸೇಜಿನ ದುಡ್ಡು ತಿನ್ನುತ್ತದೆ.

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಮಾತ್ರ ಜಾಗ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಸಿಆರ್‌ಎಂನಿಂದ ತಾನಾಗಿ ಹೋಗಬೇಕೆಂದರೆ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ನೇರವಾಗಿ ಮಾತಾಡುವ ದಾರಿ) ಬೇಕು. ಅದರಲ್ಲಿ ಗಿರಾಕಿ ಕೊನೆಯ ಮೆಸೇಜ್ ಕಳಿಸಿದ 24 ಗಂಟೆಯೊಳಗೆ ನೀವು ಏನು ಬೇಕಾದರೂ ಉತ್ತರಿಸಬಹುದು. ಆಮೇಲೆ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ. 2025ರ ಜುಲೈ 1ರಿಂದ ವಾಟ್ಸ್ಆ್ಯಪ್‌ನ ಒಡೆಯ ಕಂಪನಿ ಮೆಟಾ ಪ್ರತಿ ಟೆಂಪ್ಲೇಟ್ ಮೆಸೇಜಿಗೆ ದರ ಹಾಕುತ್ತದೆ, ಜಾಹೀರಾತಿನ ಬಗೆಯದಕ್ಕೆ ಹೆಚ್ಚು, ಸರ್ವಿಸ್ ಸೂಚನೆಯಂಥದ್ದಕ್ಕೆ ಕಡಿಮೆ. ಎಪಿಐ ಜೋಡಿಸಿಕೊಡುವ ನಡುವಿನ ಕಂಪನಿಯ ಪಾಲು ಬೇರೆ. 'ಎಪಿಐ ಬೇಡ, ಇದನ್ನು ಬ್ರೌಸರಿಗೆ ಹಾಕಿಕೊಳ್ಳಿ, ಸಾವಿರ ಜನಕ್ಕೆ ಹೋಗುತ್ತೆ' ಎನ್ನುವ ಅಗ್ಗದ ಎಕ್ಸ್‌ಟೆನ್ಶನ್‌ಗಳ ಹತ್ತಿರ ಹೋಗಬೇಡಿ. ವಾಟ್ಸ್ಆ್ಯಪ್ ನಂಬರನ್ನೇ ಬ್ಯಾನ್ ಮಾಡಬಹುದು. ಬೋರ್ಡಿನ ಮೇಲೆ ಬರೆಸಿದ ನಂಬರ್ ಅದು.

ಫೇಸ್‌ಬುಕ್ ಜಾಹೀರಾತಿನ ಫಾರ್ಮ್ ಬಳಸುವವರಿಗೆ ಒಂದು ಮಾತು: ಅಲ್ಲಿ ಬಂದ ಲೀಡ್‌ಗಳನ್ನು 90 ದಿನದೊಳಗೆ ಇಳಿಸಿಕೊಳ್ಳಬೇಕು, ಆಮೇಲೆ ಸಿಗುವುದಿಲ್ಲ.

ದುಡ್ಡು

ಜಾಲತಾಣದಲ್ಲಿ ಕಾಣುವ ದರ 'ಪ್ರತಿ ಯೂಸರ್‌ಗೆ, ತಿಂಗಳಿಗೆ, ವರ್ಷದ ಹಣ ಮುಂಗಡ ಕಟ್ಟಿದರೆ' ಎಂಬುದು. 800 ರೂಪಾಯಿಯ ಪ್ಲಾನ್ ಎಂದುಕೊಳ್ಳಿ: ಐವರಿಗೆ ವರ್ಷಕ್ಕೆ 48,000, ಮೇಲೆ ಶೇ 18 ಜಿಎಸ್‌ಟಿ 8,640, ಒಟ್ಟು 56,640 ರೂಪಾಯಿ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದವರು ತೆರಿಗೆಯ ಪಾಲನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು; ಖರೀದಿಸುವಾಗ ಜಿಎಸ್‌ಟಿ ನಂಬರ್ ಹಾಕಲು ಮರೆಯಬೇಡಿ. ಜಿಎಸ್‌ಟಿಯ ಕಾಂಪೋಸಿಶನ್ ಯೋಜನೆಯಲ್ಲಿ ಇರುವವರಿಗೆ ಈ ಕ್ರೆಡಿಟ್ ಇಲ್ಲ. ಕಂಪನಿ ವಿದೇಶದ್ದಾಗಿ ಬಿಲ್ಲು ಅಲ್ಲಿಂದಲೇ ಬಂದರೆ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ನೀವೇ ಕಟ್ಟಬೇಕಾಗುತ್ತದೆ, ಆಡಿಟರ್ ಹತ್ತಿರ ಮೊದಲೇ ಕೇಳಿ.

ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ, ಸ್ವಲ್ಪ ದುಬಾರಿಯಾದರೂ ಸರಿ. ಸಾಫ್ಟ್‌ವೇರ್ ಬಿಡುವವರು ಬಿಡುವುದು ಈ ಅವಧಿಯಲ್ಲೇ, ಮುಂಗಡ ಕಟ್ಟಿದ್ದು ವಾಪಸ್ ಬರುವುದು ಕಷ್ಟ. ಕಾರ್ಡಿನ ಆಟೊಪೇ ಮೇಲೆ ಪೂರ್ತಿ ಭರವಸೆ ಬೇಡ: ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಂತು 15,000 ರೂಪಾಯಿ ದಾಟಿದರೆ ಪ್ರತಿ ಸಲ ಓಟಿಪಿ ಬೇಕು. ಓಟಿಪಿ ಬಂದ ಫೋನು ಯಾರ ಹತ್ತಿರವೋ ಇದ್ದು ಪಾವತಿ ತಪ್ಪಿದರೆ ಖಾತೆ ಲಾಕ್ ಆಗಬಹುದು.

ಖರ್ಚು ಉಳಿಸಲು ಮೂವರು ಟೆಕ್ನಿಷಿಯನ್‌ಗಳಿಗೆ ಒಂದೇ ಲಾಗಿನ್ ಕೊಡುವುದುಂಟು. ಯಾರು ಹೋದರು, ಯಾರು ಬರೆದರು ಎಂಬುದೇ ಗೊತ್ತಾಗದಿದ್ದರೆ ಸಿಆರ್‌ಎಂ ಇಟ್ಟುಕೊಂಡೂ ಉಪಯೋಗವಿಲ್ಲ.

ಬೀಗದ ಕೈ ಯಾರ ಹತ್ತಿರ

ಖಾತೆಯನ್ನು ಅಂಗಡಿಯ ಇಮೇಲ್‌ನಲ್ಲೇ ತೆರೆಯಿರಿ, ಕೌಂಟರಿನ ಹುಡುಗನ ಜಿಮೇಲ್‌ನಲ್ಲಿ ಅಲ್ಲ. ಅಡ್ಮಿನ್ ಮಾಲೀಕರೇ ಆಗಿರಲಿ, ಎರಡು ಹಂತದ ಲಾಗಿನ್ ಇರಲಿ. ಟೆಕ್ನಿಷಿಯನ್‌ಗೆ ಎಕ್ಸ್‌ಪೋರ್ಟ್ ಮತ್ತು ಡಿಲೀಟ್ ಎರಡೂ ಮುಚ್ಚಿ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ನಿಲ್ಲಿಸಿ. ಆದರೆ ಯೂಸರ್ ಅಳಿಸುವ ಮೊದಲು ಅವರ ಹೆಸರಿನಲ್ಲಿರುವ ಕಾರ್ಡುಗಳನ್ನು ಬೇರೆಯವರಿಗೆ ವರ್ಗಾಯಿಸಿ, ಇಲ್ಲದಿದ್ದರೆ ಆ ರಿಮೈಂಡರ್‌ಗಳು ಯಾರಿಗೂ ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗಡಿಗಳ ಗಿರಾಕಿ ಪಟ್ಟಿಯನ್ನೂ ಒಳಗೊಳ್ಳುತ್ತದೆ, ಆದ್ದರಿಂದ ಬೇಡದ್ದನ್ನು ಕೂಡಿಡಬೇಡಿ. ಆಧಾರ್ ಕಾರ್ಡಿನ ಫೋಟೊಗಂತೂ ಅಲ್ಲಿ ಕೆಲಸವಿಲ್ಲ.

ಟ್ಯಾಲಿ ಜೋಡಣೆ ಬೇಕೆನ್ನುವವರು ಒಂದು ವಿಷಯ ತಿಳಿದಿರಬೇಕು. ಟ್ಯಾಲಿ ಅಂಗಡಿಯ ಕಂಪ್ಯೂಟರಿನಲ್ಲಿರುತ್ತದೆ, ಸಿಆರ್‌ಎಂ ಇಂಟರ್ನೆಟ್ಟಿನಲ್ಲಿ. ನಡುವಿನ ಸಾಫ್ಟ್‌ವೇರ್ ಕೆಲಸ ಮಾಡಲು ಆ ಕಂಪ್ಯೂಟರ್ ಹಚ್ಚಿದ್ದು ಟ್ಯಾಲಿಯಲ್ಲಿ ಕಂಪನಿ ತೆರೆದಿರಬೇಕು. ಮೊದಲ ಆರು ತಿಂಗಳು ಇದರ ಗೊಡವೆ ಬೇಡ, ಬಿಲ್ ನಂಬರ್ ಮಾತ್ರ ಸಿಆರ್‌ಎಂನಲ್ಲಿ ಬರೆದರೆ ಸಾಕು.

ಶುರು ಮಾಡುವ ವಾರ

ತುಂಬಬೇಕಾದ ಜಾಗಗಳು ಎಂಟು ದಾಟದಿರಲಿ, ಕಡ್ಡಾಯ ಮೂರೇ: ನಂಬರ್, ಹೆಸರು, ಮುಂದಿನ ದಿನಾಂಕ. ಕಡ್ಡಾಯ ಹೆಚ್ಚಿದಷ್ಟೂ ಜನ ಬರೀ ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ಹಂತಗಳು ಐದು ಸಾಕು: ಹೊಸದು, ಮಾತಾಡಿದ್ದು, ರೇಟು ಕೊಟ್ಟದ್ದು, ಗೆದ್ದದ್ದು, ಬಿಟ್ಟದ್ದು. 'ಬಿಟ್ಟದ್ದು' ಎಂದರೆ ಕಾರಣವನ್ನೂ ಪಟ್ಟಿಯಿಂದ ಆರಿಸಬೇಕು. 'ಮನೇಲಿ ಕೇಳಿ ಹೇಳ್ತೀನಿ', 'ಹಬ್ಬ ಆದ್ಮೇಲೆ ನೋಡೋಣ' ಎಂಬುದಕ್ಕೆ ಹೊಸ ಹಂತ ಮಾಡಲು ಹೋಗಬೇಡಿ. ಮೊದಲನೆಯದಕ್ಕೆ ಮೂರು ದಿನ ಬಿಟ್ಟು ದಿನಾಂಕ ಹಾಕಿ, ಎರಡನೆಯದಕ್ಕೆ ಕ್ಯಾಲೆಂಡರ್ ನೋಡಿ ಹಬ್ಬ ಮುಗಿದ ಸೋಮವಾರ.

ನೋಟ್‌ಬುಕ್ ಮತ್ತು ಸಿಆರ್‌ಎಂ ಎರಡನ್ನೂ ಹತ್ತು ದಿನ ಒಟ್ಟಿಗೆ ನಡೆಸಿ, ಹನ್ನೊಂದನೆಯ ದಿನ ನೋಟ್‌ಬುಕ್ ಎತ್ತಿಡಿ. ಎರಡೂ ಇರುವವರೆಗೆ ಜನ ಹಳೆಯದರಲ್ಲೇ ಬರೆಯುತ್ತಾರೆ. ಬೆಳಗ್ಗೆ ಕೆಲಸ ಹಂಚುವಾಗ ಸಿಆರ್‌ಎಂನ 'ಇವತ್ತಿನ ಪಟ್ಟಿ'ಯಿಂದಲೇ ಹಂಚಿ; ಬಾಯಲ್ಲಿ ಹೇಳಿದ ಕೆಲಸ ಅದರೊಳಗೆ ಬರುವುದೇ ಇಲ್ಲ. ತಿಂಗಳ ಮೊದಲ ದಿನ ಪೂರ್ತಿ ಡೇಟಾ ಇಳಿಸಿ ಪೆನ್‌ಡ್ರೈವಿಗೆ ಹಾಕಿ, ಫೈಲ್ ತೆರೆದು ಗಿರಾಕಿಗಳ ಸಂಖ್ಯೆ ಕಳೆದ ತಿಂಗಳಿಗಿಂತ ಕಡಿಮೆಯಾಗಿಲ್ಲವೇ ನೋಡಿ. ಕಡಿಮೆಯಾಗಿದ್ದರೆ ಅವತ್ತೇ ಸಾಫ್ಟ್‌ವೇರಿನ ರೀಸೈಕಲ್ ಬಿನ್ ತೆರೆಯಿರಿ. ಅಳಿಸಿದ್ದು ಅಲ್ಲಿ ಉಳಿಯುವುದು ನಿಗದಿತ ದಿನಗಳವರೆಗೆ ಮಾತ್ರ.